ಸಿಂಗಾರ ಮಾಡಿದವನೇ ಕೊಳೆಯನ್ನೂ ಮಾಡಿದನಾ?

ನಮ್ಮ ಶಿರಸಿ ಕಡೆ ಅಡಿಕೆ ತೋಟದಲ್ಲಿ ಬೆಳೆದವರಿಗೆ ದೇವರಿದ್ದಾನೆ ಅನ್ನಿಸೋದು ಸುಲಭ. ಹಾಳೆ ಕಳಚಿ ಬಿದ್ದ ಮೇಲೆ ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಬಿಚ್ಚಿಕೊಳ್ಳುತ್ತಲ್ಲ, ಅದನ್ನು ತೋರಿಸಿ ದೊಡ್ಡಪ್ಪ ಕೇಳುತ್ತಿದ್ದರು: "ತಮಾ, ಮಾಡಿದವ ಒಬ್ಬ ಇಲ್ದೇ ಇಷ್ಟು ಚಂದ ಆಗ್ತಾ?"

ದೊಡ್ಡಪ್ಪನ ಈ ಮಾತಿಗೆ ಸಾವಿರ ವರ್ಷ ವಯಸ್ಸಾಗಿದೆ. ಮಡಕೆ ಇದ್ದರೆ ಕುಂಬಾರ ಇರಲೇಬೇಕು, ಹಾಗೇ ಜಗತ್ತಿಗೂ ಒಬ್ಬ ಕರ್ತ ಇರಬೇಕು ಅಂತ 10ನೇ ಶತಮಾನದಲ್ಲೇ ನ್ಯಾಯ ದರ್ಶನದ ಪಂಡಿತ ಉದಯನ 'ನ್ಯಾಯಕುಸುಮಾಂಜಲಿ'ಯಲ್ಲಿ ವಾದ ಕಟ್ಟಿದ್ದ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಮಡಕೆಯ ಜಾಗದಲ್ಲಿ ಗಡಿಯಾರ ಇಟ್ಟ.

ನನಗೆ ಈ ವಾದ ಮುರಿದು ಬಿದ್ದಿದ್ದು ಮಳೆಗಾಲದಲ್ಲಿ. ಬೋರ್ಡೋ ದ್ರಾವಣ ಹೊಡೆದು, ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸಿದರೂ ಮರದ ಬುಡದಲ್ಲಿ ಹಸಿ ಅಡಿಕೆ ಉದುರಿರುತ್ತದೆ. ಎತ್ತಿಕೊಂಡರೆ ತೊಟ್ಟಿನ ಹತ್ತಿರ ಬಿಳಿ ಬೂಷ್ಟು. ಇದೇ ಕೊಳೆರೋಗ. ಈ ಕೊಳೆಯನ್ನು ಹರಡುವ ಕಣಕ್ಕೆ ಎರಡು ಬಾಲ ಇವೆ. ಮಳೆನೀರಿನ ತೆಳು ಪದರದಲ್ಲಿ ಅದು ಈಜುತ್ತದೆ. ಒಂದು ಕಾಯಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಎಷ್ಟು ಅಚ್ಚುಕಟ್ಟು! ಸಿಂಗಾರದ ಚಂದಕ್ಕೆ ಒಬ್ಬ ಕರ್ತ ಬೇಕು ಅಂದರೆ ಈ ಬಾಲಕ್ಕೂ ಬೇಕು ತಾನೇ? ಒಂದನ್ನು ಎಣಿಸಿ ಇನ್ನೊಂದನ್ನು ಬಿಡೋಕೆ ನನಗೆ ಮನಸ್ಸು ಬರಲಿಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಇಳಿಯಿತು. ಚಹಾದಂಗಡಿ, ನಿಂತಿದ್ದ ಲಾರಿ, ಮಕ್ಕಳು. ಆ ವಾರ ನಮ್ಮ ಜಗಲಿ ಮೇಲೆ ಕೂತ ಒಬ್ಬರು "ಅವರವರ ಕರ್ಮ" ಅಂದರು. ನಾನು ಎದ್ದು ಒಳಗೆ ಹೋದೆ.

ಕರ್ಮದ ಮಾತು ತತ್ತ್ವದಲ್ಲಿ ಹಗುರ ಅಲ್ಲ, ಗೊತ್ತು. ದೇವರು ಪಕ್ಷಪಾತಿಯೂ ಅಲ್ಲ, ಕ್ರೂರಿಯೂ ಅಲ್ಲ, ಅವರವರ ಕರ್ಮ ನೋಡಿ ಫಲ ಕೊಡುತ್ತಾನೆ ಅಂತ ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಹೇಳಿದ್ದಾರೆ. ಆದರೆ ವೇದವನ್ನೇ ತಲೆ ಮೇಲೆ ಹೊತ್ತ ಮೀಮಾಂಸಕ ಕುಮಾರಿಲ ಭಟ್ಟ ಕೇಳಿದ್ದನ್ನು ನೋಡಿ. ಸೃಷ್ಟಿಗೆ ಕರುಣೆಯೇ ಕಾರಣ ಅನ್ನೋದಾದರೆ, ಸೃಷ್ಟಿಗೆ ಮೊದಲು ಕರುಣೆ ಯಾರ ಮೇಲೆ? ಎಲ್ಲ ಕರ್ಮದಂತೆಯೇ ನಡೆಯೋದಾದರೆ ದೇವರ ಸ್ವಾತಂತ್ರ್ಯ ಎಲ್ಲಿ ಉಳಿಯಿತು? ಕರ್ಮ ಜಡ, ಅದನ್ನು ನಡೆಸೋಕೆ ಒಬ್ಬ ಬೇಕು ಅನ್ನೋದು ಉದಯನನ ಉತ್ತರ. ಜಾಣ ಉತ್ತರ. ಆದರೆ ಮಗು ಕಳಕೊಂಡ ತಾಯಿಯ ಎದುರು ನಿಂತು ಅದನ್ನು ಹೇಳೋಕೆ ನನ್ನಿಂದ ಆಗಲ್ಲ.

ಇಂಥದ್ದು ಕೇಳಿದರೆ ಇಂಗ್ಲಿಷ್ ಓದಿದ ಸೊಕ್ಕು ಅಂತಾರೆ. ನೋವಾಗುತ್ತೆ. ಶಿರಸಿ ಹತ್ತಿರದ ನಮ್ಮ ಸೋಂದಾದಲ್ಲೇ ನೋಡಿ: ಅದ್ವೈತದ ಸ್ವರ್ಣವಲ್ಲಿ, ದ್ವೈತದ ವಾದಿರಾಜ ಮಠ, ಜೈನ ಮಠ. ಜೈನರಿಗೆ ಜಗತ್ತನ್ನು ಮಾಡಿದ ದೇವರೇ ಇಲ್ಲ. ಮಾಡುವುದಕ್ಕೆ ಮೊದಲು ಅವನು ಎಲ್ಲಿದ್ದ ಅಂತ 9ನೇ ಶತಮಾನದಲ್ಲೇ ಜೈನ ಆಚಾರ್ಯ ಜಿನಸೇನ ಕೇಳಿದ್ದಾನೆ. ಹಾಗಿದ್ದರೂ ಸೋಂದಾ ಅರಸರ ನಾಡಿನಲ್ಲಿ ಮೂವರಿಗೂ ಜಾಗ ಇತ್ತು. ಪ್ರಶ್ನೆ ನಮ್ಮ ಮಣ್ಣಿನದೇ.

ಕೊಳೆಯ ಬಾಲದ ವಿಷಯ ದೊಡ್ಡಪ್ಪನಿಗೆ ಹೇಳಿದೆ. ಉದುರಿದ ಅಡಿಕೆ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ಸುಮಾರು ಹೊತ್ತು ಸುಮ್ಮನಿದ್ದು, "ಅದಿರ್ಲಿ ತಮಾ. ಏನೂ ಇಲ್ದೇ ಇರ್ಲಕ್ಕಾಗಿತ್ತಲ, ಇಷ್ಟೆಲ್ಲ ಎಂತಕ್ಕೆ ಇದ್ದು?" ಅಂದರು.

ಇದಕ್ಕೆ ಮಾತ್ರ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಅವತ್ತು ಬುಟ್ಟಿಯ ಇನ್ನೊಂದು ಕಡೆ ಹಿಡಿದು ಮನೆಗೆ ಬಂದೆ.