ಮೇ ತಿಂಗಳ ಬಿಸಿಲು ನೋಡಿ ಬೀಜ ಆರಿಸೋಣ

ರಾಯಚೂರಿನಲ್ಲಿ ಹಿತ್ತಲಿಗೋ ಮಾಳಿಗೆ ಮೇಲಿನ ಕುಂಡಗಳಿಗೋ ಬೀಜ ಆರಿಸುವವರು ಮೊದಲು ಏಪ್ರಿಲ್, ಮೇ ತಿಂಗಳನ್ನು ನೆನೆಸಿಕೊಳ್ಳಬೇಕು. ಆ ಎರಡು ತಿಂಗಳು ನಮ್ಮಲ್ಲಿ ಏನು ಬದುಕುತ್ತದೆ ಅಂತ ಬರೆದಿಟ್ಟುಕೊಂಡು, ಆಮೇಲೆ ಉಳಿದ ತಿಂಗಳ ಪಟ್ಟಿ ಮಾಡಬೇಕು. ಎಳ್ಳಮಾಸಿ (ಎಳ್ಳ ಅಮಾವಾಸ್ಯೆ) ಮುಗಿದಿದೆ. ಗೆಳತಿಯರೆಲ್ಲ ಹೊಸ ವರ್ಷದ ಬೀಜಕ್ಕೆ ಮೊಬೈಲ್‌ನಲ್ಲಿ ಹುಡುಕಾಟ ಶುರು ಮಾಡಿದ್ದಾರೆ. ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಲಿ ಅಂತ ಈಗಲೇ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಕೈತೋಟದ ವಿಡಿಯೋಗಳಿಗೆ ಈಗ ಕೊರತೆ ಇಲ್ಲ. ಒಳ್ಳೆಯವೂ ಇವೆ. ಆದರೆ ಜಾಸ್ತಿ ಬೆಂಗಳೂರಿನವು. ಅಲ್ಲಿ ಮಾರ್ಚ್‌ನಲ್ಲಿ ಟೊಮೆಟೊ ಸಸಿ ಹಚ್ಚಿ ಅಂತಾರೆ. ನಮ್ಮಲ್ಲಿ ಮಾರ್ಚ್‌ನಲ್ಲಿ ಹಚ್ಚಿದ ಟೊಮೆಟೊ ಹೂ ಬಿಡುವ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹಗಲು 35 ಡಿಗ್ರಿ ಮೇಲೆ ಹೋಗಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಟ್ಟುಹೋಗುತ್ತದೆ. ಗಿಡ ಹಸಿರಾಗೇ ಇರುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಹೂವೆಲ್ಲ ಉದುರಿ ಬೀಳುತ್ತವೆ. ಅದರ ಜೊತೆಗೆ ಬಿಳಿನೊಣ ಬಂದು ಎಲೆ ಮುದುಡು ರೋಗ ಹಚ್ಚುತ್ತದೆ. "ನನ್ನ ಕೈಗುಣ ಸರಿ ಇಲ್ಲ" ಅಂತ ಎಷ್ಟೋ ಹೆಣ್ಣುಮಕ್ಕಳು ಅಲ್ಲಿಗೆ ಕುಂಡ ಖಾಲಿ ಮಾಡಿ ಬಿಡುತ್ತಾರೆ. ನನಗೆ ನಿಜವಾಗಿ ಬೇಜಾರಾಗುವುದು ಇಲ್ಲೇ. ಅವರ ಕೈಯಲ್ಲಿ ಯಾವ ತಪ್ಪೂ ಇಲ್ಲ. ಬೇರೆ ಊರಿನ ಕ್ಯಾಲೆಂಡರ್ ತಂದು ನಮ್ಮ ಊರಿನ ಬಿಸಿಲಿಗೆ ಕಟ್ಟಿದರೆ ಇನ್ನೇನಾಗುತ್ತದೆ?

ನೀರಿನದೂ ಹಾಗೇ. ಇಲ್ಲಿ ತುಂಬಾ ಮನೆಗಳಲ್ಲಿ ಗಿಡಕ್ಕೆ ಹಾಕುವುದು ಬೋರಿನ ಗಡಸು ನೀರು. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿರುವುದನ್ನು ನೋಡಿರುತ್ತೀರಿ. ಬೀನ್ಸ್, ಗಜ್ಜರಿ (ಕ್ಯಾರೆಟ್) ಉಪ್ಪು ನೀರಿಗೆ ಬೇಗ ಸೋಲುತ್ತವೆ. ಚವಳಿಕಾಯಿ (ಗೋರಿಕಾಯಿ), ಪಾಲಕ್ ತಡೆದುಕೊಳ್ಳುತ್ತವೆ. ಬೀಜದ ಪೊಟ್ಟಣದ ಮೇಲಿನ ಚಿತ್ರ ಇದನ್ನು ಹೇಳುವುದಿಲ್ಲ.

ಹಾಗಾದರೆ ಬೇಸಿಗೆಗೆ ಏನು? ನನ್ನ ಪಟ್ಟಿಯಲ್ಲಿ ಮೊದಲನೆಯದು ಚವಳಿಕಾಯಿ. ಬಿಸಿಲಿಗೆ, ನೀರಿನ ಕೊರತೆಗೆ, ಉಪ್ಪಿಗೆ ಮೂರಕ್ಕೂ ಜಗ್ಗದ ಗಿಡ. ಫೆಬ್ರವರಿಯಲ್ಲಿ ಊರಿದರೆ ಏಪ್ರಿಲ್‌ನಲ್ಲಿ ಪಲ್ಯ. ಆಮೇಲೆ ಬೆಂಡಿ. ಬೇಸಿಗೆ ಬೆಂಡಿಗೆ ಹಳದಿ ನರದ ರೋಗ ಬರುತ್ತದೆ. ಅದನ್ನೂ ಹರಡುವುದು ಬಿಳಿನೊಣವೇ. ಹಾಗಾಗಿ ಬೆಂಡಿಯಲ್ಲಿ ನಾನು ತಳಿ ನೋಡಿಯೇ ತರುತ್ತೇನೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಈ ರೋಗವನ್ನು ತಡೆಯಲೆಂದೇ ಮಾಡಿದ ತಳಿ. ಅವರೇ ಸಣ್ಣ ಪೊಟ್ಟಣ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅಲಸಂದಿ ಬರುತ್ತದೆ. ಕಿರಕಸಾಲಿ, ರಾಜಗಿರಿ ಸೊಪ್ಪುಗಳು ಬರುತ್ತವೆ. ತೊಂಡೆ ಬಳ್ಳಿಗೆ ಬೀಜವೇ ಬೇಡ. ಪೆನ್ಸಿಲ್ ದಪ್ಪದ ಬಲಿತ ತುಂಡು ಯಾರ ಮನೆಯಿಂದಾದರೂ ತಂದು ನೆಟ್ಟರೆ ಸಾಕು. ಬಸಳೆಯನ್ನು ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇಡಿ. ಬೇಸಿಗೆಗೆ ಇಷ್ಟೇ. ಇದಕ್ಕಿಂತ ಜಾಸ್ತಿ ಆಸೆ ಇದ್ದರೆ ಮೇಲೆ 50 ಪರ್ಸೆಂಟ್ ನೆರಳಿನ ಹಸಿರು ಬಲೆ ಕಟ್ಟಲೇಬೇಕು.

ಚಳಿಗಾಲ ನಮ್ಮ ಹಬ್ಬದ ಕಾಲ. ಟೊಮೆಟೊ, ಮೆಣಸಿನಕಾಯಿ, ಹೂಕೋಸು ಏನಿದ್ದರೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಸಿ ಹಚ್ಚಿ. ಮೆಂತ್ಯ, ಸಬ್ಬಸಗಿ, ಕೊತ್ತಂಬರಿ ಜನವರಿ ಕೊನೆಯವರೆಗೂ ಹಾಕಬಹುದು. ಮೆಂತ್ಯ, ಕೊತ್ತಂಬರಿಗೆ ಪೊಟ್ಟಣ ಕೊಳ್ಳುವ ಅಗತ್ಯವೇ ಇಲ್ಲ. ಅಡುಗೆಮನೆ ಡಬ್ಬಿಯ ಮೆಂತ್ಯ ಹಳೆಯದಾಗಿರದಿದ್ದರೆ ಚೆನ್ನಾಗಿಯೇ ಮೊಳೆಯುತ್ತದೆ. ಕೊತ್ತಂಬರಿ ಕಾಳನ್ನು ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಹಾಕಿ.

ಈಗ ಜವಾರಿ, ಅಂದರೆ ನಮ್ಮ ನಾಟಿ ಬೀಜದ ವಿಷಯಕ್ಕೆ ಬರುತ್ತೇನೆ. ನನಗೆ ಮನಸ್ಸಿಗೆ ಹತ್ತಿರವಾದ ವಿಷಯ ಇದು, ಸ್ವಲ್ಪ ಉದ್ದ ಆದರೂ ಓದಿ.

ನಮ್ಮ ಅತ್ತೆಯವರ ಊರು ದೇವದುರ್ಗದ ಕಡೆ. ಅವರ ಕಾಲದಲ್ಲಿ ಜೋಳದ ಹೊಲದಲ್ಲಿ ಬರೀ ಜೋಳ ಇರುತ್ತಿರಲಿಲ್ಲ. ಕೂರಿಗೆ ಹಿಂದೆ ಹೆಣ್ಣುಮಕ್ಕಳು ಉಡಿಯಲ್ಲಿ ಬೀಜ ಕಟ್ಟಿಕೊಂಡು ಅಕ್ಕಡಿ ಸಾಲು, ಅಂದರೆ ಜೋಳದ ನಡುವೆ ಬೇರೆ ಬೆಳೆಯ ಸಾಲು, ಹಾಕುತ್ತಿದ್ದರು. ಪುಂಡಿ ಸೊಪ್ಪು, ಸವತಿಕಾಯಿ, ಅಲಸಂದಿ, ಅವರೆ, ಹೀರೆ. ಗಂಡಸರ ಲೆಕ್ಕ ಜೋಳದ ಚೀಲಕ್ಕೆ. ಅಕ್ಕಡಿಯ ಲೆಕ್ಕ ಪೂರಾ ಹೆಂಗಸರದು. ವರ್ಷದ ಪಲ್ಯ ಅದರಲ್ಲೇ ಸಾಗುತ್ತಿತ್ತು. ಬೀಜ ತೆಗೆದಿಡುವುದೂ ಅವರೇ, ಓಣಿಯಲ್ಲಿ ಹಂಚುವುದೂ ಅವರೇ. ಆಮೇಲೆ ಕಾಲುವೆ ನೀರು ಬಂದ ಕಡೆ ಭತ್ತ ಬಂತು. ನೀರಿಲ್ಲದ ಎರೆ ಹೊಲಕ್ಕೆ ಹತ್ತಿ ಬಂತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲಂತೂ ಎಲ್ಲಿ ನೋಡಿದರೂ ಹತ್ತಿ. ಭತ್ತದ ಗದ್ದೆಯಲ್ಲಿ ಅಕ್ಕಡಿಗೆ ಜಾಗವಿಲ್ಲ. ಕಳೆನಾಶಕ ಹೊಡೆಯುವ ಹೊಲದಲ್ಲಿ ಪುಂಡಿ ಏಳುವುದಿಲ್ಲ. ರೈತರನ್ನು ನಾನು ದೂರುವುದಿಲ್ಲ. ಸಾಲ ತೀರಿಸಬೇಕಲ್ವಾ ಅವರು. ಆದರೆ ಆ ಉಡಿಯ ಬೀಜಗಳು ಎಲ್ಲಿಗೆ ಹೋಗಬೇಕು? ಹೊಲದಲ್ಲಿ ಜಾಗ ಹೋಯಿತು ಅಂದರೆ ಉಳಿದದ್ದು ನಮ್ಮ ಹಿತ್ತಲು, ನಮ್ಮ ಮಾಳಿಗೆ. ಆರು ಕುಂಡ ಇರುವ ಮನೆಯೂ ಒಂದು ತಳಿಯನ್ನು ಉಳಿಸಬಹುದು ಅಂತ ನಾನು ನಂಬಿದ್ದೇನೆ.

ಹಾಗಂತ ಹೈಬ್ರಿಡ್ ಮುಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ. ಕುಷ್ಟಗಿ, ಕೊಪ್ಪಳದ ಕಡೆ ಬಲೆಮನೆ ಕಟ್ಟಿ ಹೈಬ್ರಿಡ್ ತರಕಾರಿ ಬೀಜ ಮಾಡಿಕೊಡುವ ರೈತರಿದ್ದಾರೆ. ಹೆಣ್ಣಾಳುಗಳು ಒಂದೊಂದು ಮೊಗ್ಗು ಬಿಡಿಸಿ, ಅದರ ಗಂಡು ಭಾಗ ಕಿತ್ತು, ಇನ್ನೊಂದು ಗಿಡದ ಪರಾಗ ಮುಟ್ಟಿಸುತ್ತಾರೆ. ಅಷ್ಟು ಕೈಕೆಲಸ ಇರುವುದಕ್ಕೇ ಆ ಬೀಜಕ್ಕೆ ಅಷ್ಟು ಬೆಲೆ. ಟೊಮೆಟೊದಲ್ಲಿ ರೋಗ ಜಾಸ್ತಿ ಇದ್ದರೆ ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಹಾಕಿಕೊಳ್ಳಿ, ಎಲೆ ಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಅದಕ್ಕಿದೆ. ಅದರ ಹಣ್ಣಿನ ಬೀಜ ಮಾತ್ರ ತೆಗೆದಿಡಬೇಡಿ. ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಪ್ರತಿ ವರ್ಷ ಕೊಳ್ಳುವ ಬೀಜ ಅದು, ಕೊಳ್ಳುವಾಗಲೇ ಅದು ಗೊತ್ತಿರಲಿ. ಆದರೆ ಪುಂಡಿ, ಹೀರೆ, ಅವರೆ, ಎಣ್ಣೆಗಾಯಿಗೆ ಬರುವ ಮುಳ್ಳು ಬದನೆ, ಇವಕ್ಕೆ ಜವಾರಿಯೇ ಇರಲಿ. ಪುಂಡಿಯ ಹುಳಿ, ಬದನೆಯ ರುಚಿ ಜೋಳದ ರೊಟ್ಟಿ ಜೊತೆ ತಿಂದವರಿಗೆ ನಾನು ಬೇರೆ ಹೇಳಬೇಕಿಲ್ಲ.

ಜವಾರಿಯಲ್ಲಿ ಒಂದು ಮಾತು ಗೊತ್ತಿರಬೇಕು. ಜವಾರಿ ಅವರೆ, ಪುಂಡಿ ಹಗಲು ಸಣ್ಣದಾದಾಗಲೇ ಹೂ ಬಿಡುವ ಗಿಡಗಳು. ಮಿರಗದ ಮಳೆಗೆ, ಅಂದರೆ ಜೂನ್‌ನಲ್ಲಿ ಪುಂಡಿ ಹಾಕಿದರೆ ತಿಂಗಳುಗಟ್ಟಲೆ ಎಲೆ ಕೊಡುತ್ತದೆ. ಅದೇ ಬೀಜ ಅಕ್ಟೋಬರ್‌ನಲ್ಲಿ ಹಾಕಿದರೆ ಗೇಣುದ್ದ ಆಗುವಷ್ಟರಲ್ಲಿ ಹೂವಿಗೆ ಬಂದುಬಿಡುತ್ತದೆ. ಜವಾರಿ ಅವರೆ ಬೇಸಿಗೆಯಲ್ಲಿ ಹಾಕಿದರೆ ಬರೀ ಬಳ್ಳಿ ಹಬ್ಬುತ್ತದೆ, ಕಾಯಿ ಇಲ್ಲ. ವರ್ಷವಿಡೀ ಅವರೆ ಬೇಕು ಅನ್ನುವವರಿಗೆ ಅರ್ಕಾ ವಿಜಯ್‌ನಂಥ ಗಿಡ್ಡ ತಳಿಗಳಿವೆ, ಅವಕ್ಕೆ ಹಗಲಿನ ಹಂಗಿಲ್ಲ.

ಬೀಜ ತೆಗೆಯುವುದರಲ್ಲಿ ಬಳ್ಳಿಗಳದೇ ತೊಡಕು. ಟೊಮೆಟೊ, ಅವರೆ ತಮ್ಮ ಹೂವಿನಲ್ಲೇ ಪರಾಗ ಕೂಡಿಸಿಕೊಳ್ಳುತ್ತವೆ, ಅಷ್ಟು ಸುಲಭವಾಗಿ ಬೆರಕೆ ಆಗುವುದಿಲ್ಲ. ಹೀರೆ, ಸೋರೆ, ಸವತಿ ಹಾಗಲ್ಲ. ಪಕ್ಕದ ಮನೆಯಲ್ಲಿ ಬೇರೆ ಹೀರೆ ಇದ್ದರೆ ನಿಮ್ಮದು ಬೆರಕೆ ಆಯಿತು ಅಂತಲೇ ಲೆಕ್ಕ. ಸೋರೆಯ ಬಿಳಿ ಹೂ ಅರಳುವುದು ಸಂಜೆಗೆ. ಅವತ್ತು ಅರಳುವ ಹೆಣ್ಣು ಮೊಗ್ಗು, ಗಂಡು ಮೊಗ್ಗು ಎರಡಕ್ಕೂ ಮಧ್ಯಾಹ್ನವೇ ದಾರ ಕಟ್ಟಿಡಿ. ಸಂಜೆ ದಾರ ಬಿಚ್ಚಿ ಗಂಡು ಹೂವನ್ನು ಹೆಣ್ಣು ಹೂವಿಗೆ ಒರೆಸಿ ಮತ್ತೆ ಕಟ್ಟಿ. ಆ ಕಾಯಿಗೆ ಒಂದು ಗುರುತಿನ ದಾರ ಹಾಕಿ ಬೀಜಕ್ಕೆ ಬಿಡಿ. "ಚೆಂದಾದ ಕಾಯಿ ಬೀಜಕ್ಕ ಬಿಡವ್ವಾ, ಉಳಿದದ್ದು ಪಲ್ಯಕ್ಕ ಕೊಯ್ಯಿ" ಅಂತಾರೆ ನಮ್ಮ ಅತ್ತೆ. ನಾವು ಮಾಡುವುದು ಉಲ್ಟಾ. ಒಳ್ಳೆಯದೆಲ್ಲ ಕೊಯ್ದು ತಿಂದು, ಕೊನೆಯಲ್ಲಿ ಸೊಟ್ಟಗೆ ಉಳಿದ ಕಾಯಿಯ ಬೀಜ ತೆಗೆಯುತ್ತೇವೆ. ಇನ್ನೊಂದು ಎಚ್ಚರ. ಸೋರೆ, ಹೀರೆ ಕಹಿ ಇದ್ದರೆ ತಿನ್ನಲೂ ಬಾರದು, ಬೀಜಕ್ಕೂ ಬಾರದು. ಕಹಿ ಸೋರೆಯ ರಸ ಕುಡಿದು ಜೀವಕ್ಕೆ ಆಪತ್ತಾದದ್ದಿದೆ.

ಒಣಗಿದ ಬೀಜಕ್ಕೆ ಒಲೆಯ ಬೂದಿ ಹಚ್ಚಿ ಗಾಳಿ ಆಡದ ಡಬ್ಬಿಯಲ್ಲಿಡಿ. ಅವರೆ, ಅಲಸಂದಿಗೆ ನುಸಿ ಬೇಗ ಹತ್ತುತ್ತದೆ, ಅವಕ್ಕೆ ಬೂದಿ ತಪ್ಪಿಸಬೇಡಿ. ಉಳ್ಳಾಗಡ್ಡಿ ಬೀಜವನ್ನು ಮಾತ್ರ ವರ್ಷದ ಮೇಲೆ ನಂಬಬೇಡಿ.

ಕೊಳ್ಳುವ ಬೀಜಕ್ಕೆ ಪೊಟ್ಟಣದ ಹಿಂಭಾಗ ಓದಿ. 1966ರ ಬೀಜ ಕಾಯ್ದೆಯಡಿ ಅಲ್ಲಿ ತಳಿ, ಲಾಟ್ ನಂಬರ್, ಪರೀಕ್ಷೆ ಮಾಡಿದ ದಿನ, ಮೊಳಕೆ ಪ್ರಮಾಣ ಇರಬೇಕು. ಟೊಮೆಟೊ, ಬದನೆಗೆ ಕನಿಷ್ಠ 70 ಪರ್ಸೆಂಟ್ ಮೊಳಕೆ, ಬೆಂಡಿಗೆ 65, ಮೆಣಸಿನಕಾಯಿಗೂ ಹೀರೆ, ಸೋರೆಯಂಥ ಬಳ್ಳಿಗಳಿಗೂ 60. ಪರೀಕ್ಷೆಯ ದಿನದಿಂದ 9 ತಿಂಗಳು ಅದರ ವಾಯಿದೆ. ಹೋದ ವರ್ಷ ಆನ್‌ಲೈನ್‌ನಲ್ಲಿ ನನಗೆ ಬಂದ "40 ಬಗೆಯ ಬೀಜ" ಪೊಟ್ಟಣದಲ್ಲಿ ಇದ್ಯಾವುದೂ ಇರಲಿಲ್ಲ. ಹೊಳೆಯುವ ಚಿತ್ರ, ಒಳಗೆ ಐದಾರು ಕಾಳು. ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ದುಡ್ಡು ಹೋದದ್ದಕ್ಕಿಂತ ಒಂದು ಹಂಗಾಮು ಹೋಯಿತಲ್ಲ ಅಂತ ಸಂಕಟ ಆಗುತ್ತದೆ. ಅನುಮಾನ ಬಂದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ನೋಡಿ, ಆಮೇಲೆ ಮಣ್ಣಿಗೆ ಹಾಕಿ. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಮಕ್ಕಳ ಕೈಗೆ ಸಿಗದಿರಲಿ.

ನೆಲ ಇರುವವರು ಒಂದು ನುಗ್ಗೆ, ಒಂದು ಕರಿಬೇವು ಖಂಡಿತ ಹಚ್ಚಿ. ನುಗ್ಗೆಯಲ್ಲಿ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಭಾಗ್ಯ ತಳಿ ಇದೆ, ಕರಿಬೇವಿನಲ್ಲಿ ಧಾರವಾಡದ ಸುವಾಸಿನಿ. ಜವಾರಿ ಪಪ್ಪಾಯಿಯಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಗಿಡ. ಒಂದೇ ಗುಂಡಿಗೆ ಮೂರು ಸಸಿ ಇಟ್ಟು, ಹೂ ಬಿಟ್ಟ ಮೇಲೆ ಹೆಚ್ಚಾದ ಗಂಡು ತೆಗೆಯಬೇಕು, ಪರಾಗಕ್ಕೆ ಒಂದು ಗಂಡು ಗಿಡ ಹತ್ತಿರದಲ್ಲಿರಬೇಕು. ನರ್ಸರಿಯಲ್ಲಿ ಸಸಿ ಕೊಳ್ಳುವಾಗ ತಳಿಯ ಹೆಸರು ಕೇಳಿ. "ಟೊಮೆಟೊ ಅಷ್ಟೇ ರೀ, ಯಾವುದಾದರೇನು" ಅಂದರೆ ಮುಂದಿನ ಅಂಗಡಿಗೆ ಹೋಗಿ. ನಮ್ಮ ಊರಲ್ಲೇ 2009ರಿಂದ ಕೃಷಿ ವಿಶ್ವವಿದ್ಯಾಲಯ ಇದೆ. ಅಲ್ಲಿ ಹೋಗಿ ಈ ಬಿಸಿಲಿಗೆ, ಈ ನೀರಿಗೆ ಯಾವುದು ಆದೀತು ಅಂತ ಕೇಳಬಹುದು. ಮಣ್ಣೂ ನೀರೂ ಒಯ್ದು ಕೇಳಿದರೆ ಇನ್ನೂ ಒಳ್ಳೆಯದು.

ನನ್ನ ಹತ್ತಿರ ಈಗ ಕೆಂಪು ದೇಟಿನ ಪುಂಡಿ, ಚವಳಿಕಾಯಿ, ಜವಾರಿ ಹೀರೆ ಬೀಜ ಇವೆ. ರಾಯಚೂರಿನವರು ಯಾರಾದರೂ ಕೇಳಿದರೆ ಮಿರಗಕ್ಕೆ ಮೊದಲು ಹಂಚುತ್ತೇನೆ, ಚವಳಿಕಾಯಿ ಬೇಕಾದವರು ಈ ತಿಂಗಳೇ ತಗೊಳ್ಳಿ. ನನಗೆ ಬೇಕಾಗಿರುವುದು ಜೋಳದ ಸಾಲಿನಲ್ಲಿ ಹಬ್ಬುತ್ತಿದ್ದ ಸಣ್ಣ ಹೊಲದ ಸವತಿಯ ಬೀಜ. ಅತ್ತೆಯವರ ಊರಲ್ಲಿ ಈಗ ಯಾರ ಮನೆಯಲ್ಲೂ ಸಿಗುತ್ತಿಲ್ಲ. ಮಾನ್ವಿ, ಲಿಂಗಸುಗೂರು, ಯಲಬುರ್ಗಾ, ಸಿರುಗುಪ್ಪ, ಯಾವ ಕಡೆಯವರಾದರೂ ಸರಿ, ನಿಮ್ಮ ಅವ್ವನ ಹತ್ತಿರವೋ ಅಜ್ಜಿಯ ಹತ್ತಿರವೋ ಕೇಳಿ ನೋಡಿ. ನಾಲ್ಕು ಕಾಳು ಸಿಕ್ಕರೂ ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ.