ಹೊಸ ರೋಡ್ ಬೈಕ್: ಮೊದಲು ಅಲೆನ್ ಕೀ, ಆಮೇಲೆ ಪರ್ಸು

ಹೊಸ ರೋಡ್ ಬೈಕ್, ಅಂದರೆ ಸಣ್ಣ ಟೈರಿನ, ಡಾಂಬರು ರಸ್ತೆಗೆಂದೇ ಮಾಡಿದ ವೇಗದ ಸೈಕಲ್, ಕೊಂಡವರು ಎರಡನೇ ವಾರಕ್ಕೆ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಕೂತಲ್ಲಿ ನೋವು, ಅಂಗೈಗೆ ಜೋಮು, ಯಾವ ಸೀಟು ಹಾಕಿಸಲಿ? ಊರಿಂದ ಕೇಳುವ ಗೆಳೆಯರೂ ಹೀಗೇ ಶುರು ಮಾಡುತ್ತಾರೆ, ಹೊರನಾಡಿನಲ್ಲಿ ಜೊತೆಗೆ ತುಳಿಯುವವರೂ ಹೀಗೇ. ಉತ್ತರ ಹುಡುಕುವ ದಾರಿ ಮಾತ್ರ ಎರಡು. ಒಂದು ಪಂಗಡದವರು ಬಿಡಿಭಾಗ ಬದಲಿಸುತ್ತಾ ಹೋಗುತ್ತಾರೆ: ಜೆಲ್ ಕವರ್, ದಪ್ಪ ಸೀಟು, ಕಾರ್ಬನ್ ಸೀಟ್‌ಪೋಸ್ಟ್ (ಸೀಟು ಹೊರುವ ಕೊಳವೆ). ಇನ್ನೊಂದು ಪಂಗಡದವರು ಟೇಪು, ಅಲೆನ್ ಕೀ (ಬೋಲ್ಟು ತಿರುಗಿಸುವ ಆರು ಮೂಲೆಯ ಕೀಲಿ) ಹಿಡಿದು ಇರುವುದನ್ನೇ ಅಳೆದು ಸರಿಸುತ್ತಾರೆ. ನನ್ನ ಮತ ಎರಡನೆಯವರಿಗೆ. ಹಣ ಉಳಿಯುತ್ತದೆಂಬ ಕಾರಣಕ್ಕಲ್ಲ. ನೋವು ಒಂದು ಕಡೆ, ಅದರ ಮೂಲ ಇನ್ನೊಂದು ಕಡೆ ಇರುವುದು ಈ ಬೈಕುಗಳ ಸ್ವಭಾವ. ನೋಯುವ ಜಾಗದಲ್ಲಿರುವ ಭಾಗವನ್ನೇ ಬದಲಿಸುತ್ತಾ ಹೋದರೆ ಮೂಲ ಕೈಗೆ ಸಿಗುವುದೇ ಇಲ್ಲ.

ಟೈರಿನ ಗಾಳಿಯಿಂದಲೇ ಶುರು ಮಾಡಿ. ಸಣ್ಣ ಟೈರು, ಗಟ್ಟಿ ಗಾಳಿ ಇದ್ದರೆ ವೇಗ ಎಂಬ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ಪಕ್ಕದಲ್ಲಿ ಅಚ್ಚು ಹಾಕಿದ ಅಂಕಿಯೇ ಸರಿಯಾದ ಒತ್ತಡ ಎಂದುಕೊಂಡು 110 ಪಿಎಸ್‌ಐ ತುಂಬುವವರು ಬಹಳ. ಅದು ಮೀರಬಾರದ ಮಿತಿ, ಸಲಹೆಯಲ್ಲ. ಒರಟು ಡಾಂಬರಿನ ಮೇಲೆ ಗಟ್ಟಿ ಟೈರು ಪುಟಿಯುತ್ತದೆ. ಮುಂದಕ್ಕೆ ಒಯ್ಯಬೇಕಾದ ಶಕ್ತಿ ನಿಮ್ಮ ಮೈ ನಡುಗಿಸುವುದರಲ್ಲಿ ಸೋರಿಹೋಗುತ್ತದೆ. ಸುಮಾರು 70 ಕಿಲೋ ತೂಗುವವರು 28 ಮಿ.ಮೀ. ಟೈರಿಗೆ, ಒಳಗೆ ಟ್ಯೂಬ್ ಇದ್ದರೆ, ಹಿಂದೆ 75, ಮುಂದೆ 70 ಪಿಎಸ್‌ಐ ಹಾಕಿ ಶುರು ಮಾಡಬಹುದು. ಹಿಂದಿನ ಚಕ್ರದ ಮೇಲೆ ಹೆಚ್ಚು ಭಾರ ಬೀಳುವುದರಿಂದ ಈ ವ್ಯತ್ಯಾಸ. ಅಲ್ಲಿಂದ ಮೂರು ಮೂರು ಪಿಎಸ್‌ಐ ಇಳಿಸುತ್ತಾ ಬನ್ನಿ. ತಿರುವಿನಲ್ಲಿ ಟೈರು ಅಡ್ಡಕ್ಕೆ ಓಲಾಡಿದಂತೆ ಅನಿಸಿದರೆ, ಗುಂಡಿಯಲ್ಲಿ ರಿಮ್ ತಗುಲಿದ ಸದ್ದು ಬಂದರೆ ಮಿತಿ ದಾಟಿದ್ದೀರಿ. ನಾಲ್ಕೈದು ಪಿಎಸ್‌ಐ ಮೇಲಕ್ಕೆ ಬಂದು ಅಲ್ಲೇ ನಿಲ್ಲಿ. ಇದಕ್ಕೂ ಇಳಿಸಿದರೆ ರಿಮ್ಮಿನ ಎರಡು ಅಂಚು ಟ್ಯೂಬನ್ನು ಕಚ್ಚಿ ಅಕ್ಕಪಕ್ಕ ಎರಡು ತೂತು ಮಾಡುತ್ತವೆ. ಟ್ಯೂಬ್‌ಲೆಸ್ ಆದರೆ ಆ ಕಾಟವಿಲ್ಲ, ಇನ್ನೊಂದಿಷ್ಟು ಇಳಿಸಬಹುದು. ರಿಮ್ ಹುಕ್‌ಲೆಸ್ (ಟೈರನ್ನು ಹಿಡಿಯುವ ಕೊಕ್ಕೆ ಅಂಚಿನಲ್ಲಿ ಇಲ್ಲದ್ದು) ಆಗಿದ್ದರೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಲೇಬಾರದು, ಟೈರು ಕಳಚಿ ಬರಬಹುದು. ಪಂಪಿನ ಮುಳ್ಳನ್ನು ಕಣ್ಣುಮುಚ್ಚಿ ನಂಬಬೇಡಿ. ಆದರೆ ಯಾವಾಗಲೂ ಒಂದೇ ಪಂಪು ಬಳಸಿದರೆ ಅದರ ತಪ್ಪು ಕೂಡ ಒಂದೇ ಥರ ಇರುತ್ತದೆ, ಅಷ್ಟು ಸಾಕು.

ಇನ್ನು ಸೀಟು. ನಿಂತಾಗ ಎರಡೂ ಪಾದ ನೆಲಕ್ಕೆ ಊರಬೇಕು ಎಂದು ಸೀಟು ತಗ್ಗಿಸುವುದು ಸಾಮಾನ್ಯ ಸೈಕಲಿನಿಂದ ಬಂದವರ ರೂಢಿ. ರೋಡ್ ಬೈಕಿನಲ್ಲಿ ಅದು ಮಂಡಿಗೆ ಕೇಡು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ಒಂದು ಪುಸ್ತಕವನ್ನು ಬಿಗಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ (ಪೆಡಲ್ ಕೂರಿಸಿದ ತೋಳು) ತಿರುಗುವ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸಿಗುತ್ತದೆ. 80 ಸೆಂ.ಮೀ. ಇದ್ದವರಿಗೆ 70.6. ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಂಡ್ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಸೂತ್ರ ಇದು. ಆದರೆ ಕ್ರ್ಯಾಂಕಿನ ಉದ್ದ, ಶೂ ಅಡಿಯ ದಪ್ಪ ಇದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗಿನ ತುದಿಗೆ ತನ್ನಿ. ಕಾಲು ಆಗಷ್ಟೇ ನೇರವಾಗಬೇಕು, ಸೊಂಟ ವಾಲಬಾರದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರುವ ಸಾಧ್ಯತೆ ಹೆಚ್ಚು. ಹಿಂಭಾಗ ಎಳೆದಂತಾದರೆ, ಸೊಂಟ ಅತ್ತಿತ್ತ ಓಲಾಡಿದರೆ ಎತ್ತರ ಜಾಸ್ತಿಯಾಗಿದೆ. ಬದಲಿಸುವುದಾದರೆ ಸಲಕ್ಕೆ 3ರಿಂದ 5 ಮಿ.ಮೀ., ಅದಕ್ಕಿಂತ ಹೆಚ್ಚು ಬೇಡ.

ಸೀಟಿನ ಓರೆಗೂ ಅಂಗೈ ನೋವಿಗೂ ನಂಟಿದೆ ಎಂದರೆ ನಂಬುವವರು ಕಡಿಮೆ. ಮುಂದೆ ಒತ್ತುತ್ತದೆ ಎಂದು ಸೀಟಿನ ಮೂತಿಯನ್ನು ಕೆಳಗೆ ಬಾಗಿಸುತ್ತಾರೆ. ಆಗ ಮೈ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯುವ ಕೆಲಸ ತೋಳಿನ ಪಾಲಿಗೆ ಬರುತ್ತದೆ, ಕಿರುಬೆರಳು ಮತ್ತು ಉಂಗುರಬೆರಳು ಮರಗಟ್ಟುತ್ತವೆ. ನಂತರ ಕೊಳ್ಳುವುದು ದಪ್ಪ ಗ್ಲೌಸ್! ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ಸೀಟನ್ನು ಸಮಮಟ್ಟಕ್ಕೆ ತನ್ನಿ, ಹೆಚ್ಚೆಂದರೆ ಎರಡು ಮೂರು ಡಿಗ್ರಿ ಕೆಳಕ್ಕೆ. ಹ್ಯಾಂಡಲ್ ದೂರವೆಂದು ಸೀಟನ್ನು ಮುಂದಕ್ಕೆ ಎಳೆಯುವುದೂ ಇದೇ ಜಾತಿಯ ತಪ್ಪು; ಮುಂದೆ ಬಂದಷ್ಟೂ ಕೈಮೇಲೆ ಭಾರ ಹೆಚ್ಚುತ್ತದೆ. ಸೀಟಿನ ಜಾಗವನ್ನು ಪೆಡಲ್ ನೋಡಿ ತೀರ್ಮಾನಿಸಬೇಕು, ಹ್ಯಾಂಡಲ್ ನೋಡಿ ಅಲ್ಲ. ಅಂದಹಾಗೆ 10 ಮಿ.ಮೀ. ಹಿಂದಕ್ಕೆ ಸರಿಸಿದರೆ ಸುಮಾರು 3 ಮಿ.ಮೀ. ತಗ್ಗಿಸಬೇಕು, ಇಲ್ಲವಾದರೆ ಪೆಡಲ್ ದೂರವಾಗುತ್ತದೆ.

ಹ್ಯಾಂಡಲ್ ದೂರ, ತಗ್ಗು ಅನಿಸಿದರೆ ಸ್ಟೆಮ್ (ಹ್ಯಾಂಡಲನ್ನು ಮುಂದಿನ ಫೋರ್ಕಿನ ಕೊಳವೆಗೆ ಹಿಡಿದಿಡುವ ತುಂಡು) ತಿರುಗಿಸಿ ಹಾಕುವುದು ಎಲ್ಲಕ್ಕಿಂತ ಸುಲಭದ ಉಪಾಯ. 100 ಮಿ.ಮೀ. ಉದ್ದದ, 6 ಡಿಗ್ರಿ ಕೆಳಮುಖದ ಸ್ಟೆಮ್ಮನ್ನು ಮೇಲ್ಮುಖ ಮಾಡಿದರೆ ಹ್ಯಾಂಡಲ್ ಸುಮಾರು 2 ಸೆಂ.ಮೀ. ಏರುತ್ತದೆ, 6 ಮಿ.ಮೀ.ಯಷ್ಟು ಹತ್ತಿರವೂ ಬರುತ್ತದೆ. ಸ್ಟೆಮ್ಮಿನ ಮೇಲಿರುವ ಸ್ಪೇಸರ್ ಬಳೆಗಳನ್ನು ಕೆಳಕ್ಕೆ ಸೇರಿಸಿದರೆ ಇನ್ನಷ್ಟು. ಬೋಲ್ಟ್ ಬಿಗಿಯುವ ಕ್ರಮ ಇಲ್ಲಿ ಮುಖ್ಯ: ಮೊದಲು ಮೇಲಿನ ಕ್ಯಾಪ್ ಬೋಲ್ಟು, ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗಿಸುವ ಬೇರಿಂಗಿನ) ಅಲುಗಾಟ ಹೋಗುವಷ್ಟು ಮಾತ್ರ, ಆಮೇಲೆ ಚಕ್ರಕ್ಕೆ ನೇರ ಮಾಡಿ ಪಕ್ಕದ ಬೋಲ್ಟುಗಳು. ಪಕ್ಕದವನ್ನು ಮೊದಲು ಬಿಗಿದರೆ ಕ್ಯಾಪ್ ಎಷ್ಟು ತಿರುಗಿಸಿದರೂ ಅಲುಗಾಟ ಹೋಗದು. ಸ್ಟೆಮ್ ಮೇಲೆ ಬರೆದ ನ್ಯೂಟನ್ ಮೀಟರ್ ಅಂಕಿಯನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಮುಟ್ಟಿಸಿ, ಸಾಮಾನ್ಯವಾಗಿ ಅದು 5ರ ಆಸುಪಾಸು. ಫೋರ್ಕಿನ ಕೊಳವೆ ಕಾರ್ಬನ್ ಆಗಿದ್ದರೆ ಅಂದಾಜಿಗೆ ಬಿಗಿಯುವುದು ಅಪಾಯ. ಎತ್ತರ ಒಂದು ಕಡೆ ನಿಲ್ಲುವವರೆಗೆ ಆ ಕೊಳವೆಯನ್ನು ಕತ್ತರಿಸಲು ಯಾರಿಗೂ ಬಿಡಬೇಡಿ. ಕೇಬಲ್ಲು, ಬ್ರೇಕ್ ಹೋಸು ಹ್ಯಾಂಡಲಿನೊಳಗಿಂದಲೇ ಓಡುವ ಒಂದೇ ತುಂಡಿನ ಕಾಕ್‌ಪಿಟ್ (ಹ್ಯಾಂಡಲ್, ಸ್ಟೆಮ್ ಕೂಡಿದ್ದು) ಇದ್ದರೆ ಸ್ಟೆಮ್ ಬಗ್ಗೆ ಹೇಳಿದ್ದು ಯಾವುದೂ ಮನೆಯಲ್ಲಿ ಆಗುವ ಕೆಲಸವಲ್ಲ. ನೋಡಲು ಚೆಂದ, ಹೊಸಬರಿಗೆ ಶಿಕ್ಷೆ ಎಂಬುದು ನನ್ನ ಅಭಿಪ್ರಾಯ.

ಬ್ರೇಕ್ ಲಿವರ್ ಬೆರಳಿಗೆ ಎಟುಕದಿದ್ದರೆ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಬಹುಪಾಲು ಲಿವರುಗಳಲ್ಲಿ ಇರುತ್ತದೆ. ಕೈ ಚಿಕ್ಕದಿರುವವರಿಗೆ ಇದೊಂದರಿಂದಲೇ ಹೆಗಲಿನ ಬಿಗಿತ ಇಳಿಯುವುದುಂಟು.

ಒಂದು ಸಲಕ್ಕೆ ಒಂದೇ ಬದಲಾವಣೆ. ಸೀಟ್‌ಪೋಸ್ಟಿಗೆ ಟೇಪಿನ ಗುರುತು ಹಾಕಿ, ಅಳತೆ ಬರೆದಿಡಿ, ಎರಡು ಮೂರು ಸವಾರಿ ಆದಮೇಲೆ ಮುಂದಿನದು. ಮೂರನ್ನು ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಹಿತವಾಯಿತು ಎಂಬುದೇ ತಿಳಿಯುವುದಿಲ್ಲ.

ಇಷ್ಟಾದ ಮೇಲೆ ಕೊಳ್ಳುವ ಮಾತು. ಮೊದಲು ಪ್ಯಾಡ್ ಇರುವ ಒಳ್ಳೆಯ ಶಾರ್ಟ್ಸ್, ಒಳಉಡುಪಿಲ್ಲದೆ ತೊಡಬೇಕು. ಒಳಉಡುಪಿನ ಹೊಲಿಗೆಯೇ ಚರ್ಮ ಕೆರೆಯುವುದು. ಆಮೇಲೆ ಅಗಲದ ಟೈರು, ಫ್ರೇಮಿಗೂ ಟೈರಿಗೂ ನಡುವೆ ಎರಡೂ ಬದಿ 4 ಮಿ.ಮೀ.ಯಾದರೂ ಖಾಲಿ ಉಳಿಯುವಂತೆ. ಸೀಟು ಮೂರನೆಯದು. ಅಲ್ಲಿ ನೋಡಬೇಕಾದ್ದು ಮೆತ್ತಗಿದೆಯೇ ಎಂದಲ್ಲ, ಅಗಲ ಎಷ್ಟು ಎಂದು. ಸುಕ್ಕುಪದರದ ರಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಮುಂದಕ್ಕೆ ಬಾಗಿ ಕೂತು ಎದ್ದರೆ ಕೂರುವ ಮೂಳೆಗಳ ಎರಡು ಗುಳಿ ಮೂಡುತ್ತವೆ. ಗುಳಿಯಿಂದ ಗುಳಿಗೆ ನಡುಅಳತೆ 120 ಮಿ.ಮೀ. ಇದ್ದರೆ 140ರಿಂದ 145 ಅಗಲದ ಸೀಟು ನೋಡಿ. ದಪ್ಪ ಜೆಲ್ ಸೀಟಿನಲ್ಲಿ ಮೂಳೆ ಹೂತು, ನಡುವಿನ ಮೃದು ಭಾಗದ ನರ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಅಲ್ಲಿ ಜೋಮು ಹಿಡಿದರೆ ಸಹಿಸಿಕೊಂಡು ತುಳಿಯುವ ವಿಷಯವೇ ಅಲ್ಲ. ಕಾರ್ಬನ್ ಸೀಟ್‌ಪೋಸ್ಟ್ ಕಡೆಗಿರಲಿ. ಫ್ರೇಮಿನಿಂದ ಗೇಣುದ್ದಕ್ಕೂ ಹೊರಗೆ ಕಾಣದಿದ್ದರೆ ಅದು ಬಾಗುವುದಾದರೂ ಎಲ್ಲಿ?

ಸ್ಟೆಮ್ ಮೇಲ್ಮುಖವಾಗಿ, ಬಳೆಗಳೆಲ್ಲ ಕೆಳಗೆ ಸೇರಿ, 80 ಮಿ.ಮೀ. ಸ್ಟೆಮ್ ಹಾಕಿದ ಮೇಲೂ ಮೊಣಕೈ ಬಾಗದೆ ಕೋಲಿನಂತೆ ನಿಂತರೆ ಫ್ರೇಮ್ ಒಂದು ಸೈಜು ದೊಡ್ಡದು. ಇನ್ನೂ ಗಿಡ್ಡ ಸ್ಟೆಮ್ ಹುಡುಕುವ ಬದಲು, ಬೈಕು ಹೊಸದಾಗಿರುವಾಗಲೇ ವಾಪಸ್ ಕೊಟ್ಟು ಬೇರೆ ಸೈಜು ಕೇಳಿ.