ಒಂದೇ ಹಣ್ಣಿನ ಎರಡು ಎಣ್ಣೆ: ಕೆಂಪಿನ ಗುಣ ಬೇರೆ, ಕಪ್ಪಿನ ಗುಣ ಬೇರೆ

ಪಾಮ್ ಆಯಿಲ್ ಅಂದ್ರೆ ವಿಷ ಅನ್ನೋರು ಒಂದು ಕಡೆ, ಕೆಂಪು ತಾಳೆ ಎಣ್ಣೆ ಆಫ್ರಿಕಾದ ಸಂಜೀವಿನಿ ಅಂತ ಬಾಟಲಿ ಮಾರೋರು ಇನ್ನೊಂದು ಕಡೆ. ಇಬ್ಬರೂ ಎಡವೋದು ಒಂದೇ ಕಲ್ಲಿಗೆ. ತಾಳೆ ಎಣ್ಣೆ ಅಂದ್ರೆ ಒಂದೇ ವಸ್ತು ಅಂದ್ಕೊಂಡಿದ್ದಾರೆ. (ನಮ್ಮ ತಾಟಿನಿಂಗಿನ ತಾಳೆ ಮರ ಬೇರೆ. ಇದು ಪಶ್ಚಿಮ ಆಫ್ರಿಕಾದ ಮರ, ಶಿವಮೊಗ್ಗ, ದಾವಣಗೆರೆ ಕಡೆ ಈಗ ಬೆಳೀತಾರಲ್ಲ, ಅದು.)

ನೈಜೀರಿಯಾದ ಯೊರುಬಾ ಜನರಿಗೆ ಈ ಗೊಂದಲ ಇಲ್ಲ. ಹಣ್ಣಿನ ನಾರುತಿರುಳಿನಿಂದ ಬರೋ ಕೆಂಪು ಎಣ್ಣೆ ಅವರಿಗೆ ‘ಎಪೊ’, ಒಳಗಿನ ಬೀಜದ ಎಣ್ಣೆ ‘ಅದಿನ್’. ಅವರ ದೇವತೆ ಎಶುವಿಗೆ ಎಪೊ ಅಂದ್ರೆ ಬಲು ಪ್ರೀತಿ, ಅದಿನ್ ಮಾತ್ರ ನಿಷಿದ್ಧ. ಹಣ್ಣು ಒಂದೇ, ಆದ್ರೂ ಒಂದು ನೈವೇದ್ಯ, ಇನ್ನೊಂದು ಮೈಲಿಗೆ!

ಕೆಂಪೆಣ್ಣೆ ತೆಗೆಯೋದು ಹೀಗೆ: ಗೊನೆ ಕಡಿದು ಕೆಲವು ದಿನ ಎಲೆ ಮುಚ್ಚಿಟ್ಟರೆ ಹಣ್ಣು ಸಡಿಲವಾಗುತ್ತೆ. ಬಿಡಿಸಿ, ಚೆನ್ನಾಗಿ ಬೇಯಿಸಿ, ಒರಳಲ್ಲಿ ಕುಟ್ಟಿ, ಬೀಜ ಹೆಕ್ಕಿ ತೆಗೆದು, ನಾರನ್ನು ನೀರಲ್ಲಿ ಕಿವುಚುತ್ತಾರೆ. ಮೇಲೆ ತೇಲಿದ್ದನ್ನು ಎತ್ತಿ, ಗುಳ್ಳೆ ಏಳೋದು ನಿಲ್ಲೋವರೆಗೆ ಕಾಯಿಸುತ್ತಾರೆ. ಅಂದ್ರೆ ನೀರಿನಂಶ ಹೋಯ್ತು ಅಂತ. ಇಲ್ಲಿ ಕೆಡೋದು ಹೆಚ್ಚಾಗಿ ತಡದಿಂದ. ಗಾಯವಾದ ಹಣ್ಣನ್ನು ಬೇಯಿಸದೆ ಇಟ್ಟರೆ ಹಣ್ಣಲ್ಲೇ ಇರೋ ಕಿಣ್ವ ಎಣ್ಣೆಯನ್ನು ಒಡೆದು ಹುಳಿ ಮಾಡುತ್ತೆ, ಗಂಟಲು ಕೆರೆಯುತ್ತೆ. ಹಣ್ಣನ್ನು ಮೊದಲೇ ಬೇಯಿಸೋದು ಆ ಕಿಣ್ವವನ್ನು ಕೊಲ್ಲೋದಕ್ಕೂ ಹೌದು.

ಈ ಎಣ್ಣೆಯ ಬೆಲೆ ಇರೋದು ಬಣ್ಣದಲ್ಲಿ. ಕಿಲೋಗೆ ಸುಮಾರು 500ರಿಂದ 700 ಮಿಲಿಗ್ರಾಂ ಕ್ಯಾರೊಟಿನಾಯ್ಡ್, ನಮ್ಮ ದೇಹ ಎ ವಿಟಮಿನ್ ಮಾಡಿಕೊಳ್ಳೋ ಕಚ್ಚಾ ಮಾಲು. ಹೊಗೆಯಾಡೋವರೆಗೆ ಕಾಯಿಸಿ ‘ಬಿಳಿ ಮಾಡಿದರೆ’ ಅದು ಸುಟ್ಟು ಹೋಯ್ತು. ನಮ್ಮ ಅಂಗಡಿಯ ಪಾಮೋಲಿನ್‌ನಲ್ಲೂ ಅದೇ ಕಥೆ. ಶುದ್ಧೀಕರಣದಲ್ಲಿ 200 ಡಿಗ್ರಿ ದಾಟೋ ಶಾಖಕ್ಕೆ ಕ್ಯಾರೊಟೀನ್ ನಿಲ್ಲಲ್ಲ.

ಕಪ್ಪೆಣ್ಣೆಗೆ, ಅಂದ್ರೆ ಅದಿನ್‌ಗೆ, ಬೀಜ ಒಣಗಿಸಿ, ಚಿಪ್ಪು ಒಡೆದು, ಬೀಜದೊಳಗಿನ ತಿರುಳನ್ನು ನೀರಿಲ್ಲದೆ ಹುರೀತಾರೆ. ಕರಿದಾಗುತ್ತಾ ಎಣ್ಣೆ ಬಿಡುತ್ತೆ, ಅದಕ್ಕೇ ಆ ಹೊಗೆ ವಾಸನೆ. ಇದರಲ್ಲಿ ಕ್ಯಾರೊಟೀನ್ ಇಲ್ಲ. ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ, ಹೆಚ್ಚುಕಡಿಮೆ ನಮ್ಮ ಕೊಬ್ಬರಿ ಎಣ್ಣೆಯ ಸೋದರ. ಹಾಗಾಗಿ ಕೂಸಿನ ಮೈಗೆ, ತಲೆಗೆ ಇದನ್ನು ಹಚ್ಚೋದು ಕನ್ನಡದ ಯಾವ ಅಜ್ಜಿಗೂ ವಿಚಿತ್ರ ಅನ್ನಿಸಬಾರದು. ನೈಜೀರಿಯಾದ ಇನ್ನೊಂದು ಜನಾಂಗ ಇಗ್ಬೊ, ಅವರ ‘ಉದೆ ಅಕು’ ಇದೇ.

ಒಣಚರ್ಮಕ್ಕೆ ಹಚ್ಚಿದರೆ ಒಪ್ಪೋಣ. ಆದ್ರೆ ಜ್ವರಕ್ಕೆ, ಸೆಳವಿಗೆ (ಫಿಟ್ಸ್‌ಗೆ) ಅಂತಾನೂ ಬಳಸ್ತಾರೆ, ನನ್ನ ತಕರಾರು ಇರೋದು ಅಲ್ಲಿ. ಮೈಗೆ ತಿಕ್ಕಿದರೆ ಸೆಳವು ನಿಲ್ಲಲ್ಲ, ಮಲೇರಿಯಾನೂ ಹೋಗಲ್ಲ. ಸೆಳವಲ್ಲಿರೋ ಮಗುವಿನ ಬಾಯಿಗೆ ಸುರಿದರಂತೂ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸೀಮೆಎಣ್ಣೆ ಕುಡಿದ ಮಕ್ಕಳಿಗೆ ನೈಜೀರಿಯಾದಲ್ಲಿ ಕೆಂಪೆಣ್ಣೆ ಕುಡಿಸಿ ವಾಂತಿ ಮಾಡಿಸೋ ರೂಢಿ ಇನ್ನೂ ಅಪಾಯದ್ದು. ವಾಂತಿಯಾಗುವಾಗ ಸೀಮೆಎಣ್ಣೆ ಎದೆಗೆ ಹೋಗಿ ನ್ಯುಮೋನಿಯಾ ಆಗುತ್ತೆ. ಪರಂಪರೆಯ ಮೇಲಿನ ಗೌರವಕ್ಕೆ ಇದನ್ನೂ ಸಮರ್ಥಿಸೋರ ಜೊತೆ ನನಗೆ ವಾದವೇ ಬೇಡ.

ಯೊರುಬಾ ಜನರ ಕಪ್ಪು ಸೋಪು ‘ಒಸೆ ದುದು’ ಮಾತ್ರ ನಿಜಕ್ಕೂ ಜಾಣ ರಸಾಯನಶಾಸ್ತ್ರ. ಬಾಳೆಕಾಯಿ ಸಿಪ್ಪೆ, ಕೋಕೊ ಸಿಪ್ಪೆಯನ್ನು ಒಣಗಿಸಿ ಸುಟ್ಟು, ಬೂದಿಯನ್ನು ತೂತಿನ ಮಡಕೆಯಲ್ಲಿಟ್ಟು ನೀರು ಹುಯ್ದು ಕ್ಷಾರ ಇಳಿಸಿ, ಅದನ್ನು ಎಣ್ಣೆ ಜೊತೆ ಗಂಟೆಗಟ್ಟಲೆ ಕುದಿಸಿ ಕಲಕುತ್ತಾರೆ. ಕ್ಷಾರ ಹೆಚ್ಚಾದರೆ ಚರ್ಮ ಉರಿಯುತ್ತೆ, ಕಡಿಮೆಯಾದರೆ ಜಿಡ್ಡಾಗಿ ಉಳಿಯುತ್ತೆ. ಕಜ್ಜಿ, ಮೊಡವೆಗೆ ಬಳಸೋದು ಇದನ್ನೇ.

ಕೆಂಪೆಣ್ಣೆ ಕೊಳ್ಳೋರಿಗೆ ಒಂದು ಮಾತು. ಬಣ್ಣ ಕಣ್ಣಿಗೆ ಹೊಡೀತಿದ್ದರೆ ಒಳ್ಳೇದು ಅಂದ್ಕೋಬೇಡಿ. 2015ರಲ್ಲಿ ಘಾನಾದ ಮಾರುಕಟ್ಟೆಗಳ ಎಣ್ಣೆಯಲ್ಲಿ ಸುಡಾನ್ 4 ಎಂಬ ಕೈಗಾರಿಕಾ ಬಣ್ಣ ಸಿಕ್ಕಿತ್ತು, ಅದನ್ನು ಕಣ್ಣಲ್ಲಿ ಕಂಡುಹಿಡಿಯೋಕೆ ಆಗಲ್ಲ. ಬೆಂಗಳೂರಿನ ಚಳಿಗೆ ತಳದಲ್ಲಿ ಹರಳುಗಟ್ಟಿದರೆ ಮಾತ್ರ ಕೆಟ್ಟಿದೆ ಅಂತ ಚೆಲ್ಲಬೇಡಿ. ಬಾಟಲಿಯನ್ನು ಬೆಚ್ಚನೆ ನೀರಲ್ಲಿ ಇಟ್ಟರೆ ಕರಗುತ್ತೆ.